ಬೇಟೆಗಾರನ ಜೇಬಿನ ತೋಟಾ ಲೆಕ್ಕ, ನಮ್ಮ ಹೊಲದ ಬಂದೂಕಿನ ಲೆಕ್ಕ

ಫೋನಿನಲ್ಲಿ ಹೊರದೇಶದ ಬೇಟೆ ವಿಡಿಯೋ ನೋಡುವವರು ನಮ್ಮ ತುಮಕೂರು ಕಡೆ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಬಹಳ ಜನಕ್ಕೆ ಬರುವ ಅನುಮಾನ ಒಂದೇ. ದಿನವಿಡೀ ಬೆಟ್ಟ ಹತ್ತಿ ಇಳಿಯುವ ಆ ಮನುಷ್ಯನ ಸೊಂಟದಲ್ಲಿ ಬರೀ ಏಳೆಂಟು ತೋಟಾ ಇರುತ್ತವೆ, ಅಷ್ಟು ಸಾಕಾ? ಸಿನಿಮಾದಲ್ಲಿ ಎದೆ ಮೇಲೆ ಅಡ್ಡಡ್ಡ ತೋಟಾ ಪಟ್ಟಿ ಹಾಕಿಕೊಂಡವರನ್ನು ನೋಡಿದ ಕಣ್ಣಿಗೆ ಇದು ತೀರಾ ಕಡಿಮೆ ಅನಿಸುತ್ತದೆ, ಸಹಜ. ಆದರೆ ಪಳಗಿದ ಬೇಟೆಗಾರ ಸಂಖ್ಯೆಯ ಬಗ್ಗೆ ಅಷ್ಟೇನೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲಿಡಬೇಕು, ಯಾವುದರ ಜೊತೆ ಇಡಬಾರದು, ಸಂಜೆ ವಾಪಸ್ ಬಂದಾಗ ಎಷ್ಟು ಉಳಿದಿರಬೇಕು, ಅವನ ಯೋಚನೆಯೆಲ್ಲ ಇದರ ಮೇಲೇ ಇರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕೆಲವು ಪ್ರಾಣಿಗಳಿಗೆ ಬೇಟೆ ಲೈಸೆನ್ಸ್ ಕೊಡುವ ಕಲಮುಗಳು ಇನ್ನೂ ಇದ್ದವು, 1991ರ ತಿದ್ದುಪಡಿಯಲ್ಲಿ ಅವನ್ನೂ ತೆಗೆದುಹಾಕಿದರು. ಹಾಗಾಗಿ ಇಲ್ಲಿ ನಾನು ಬೇಟೆ ಅಂದಾಗಲೆಲ್ಲ ಅದು ಕಾನೂನಿನ ಒಪ್ಪಿಗೆ ಇರುವ ದೇಶಗಳ ಮಾತು. ಹಾಗಾದರೆ ನಮಗ್ಯಾಕೆ ಇದು? ಯಾಕಂದ್ರೆ ನಮ್ಮ ಶಿರಾ, ಮಧುಗಿರಿ, ಪಾವಗಡ ಕಡೆ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಬಂದೂಕುಗಳಿವೆ, ರೈಫಲ್ ಕ್ಲಬ್ಬಿಗೆ ಹೋಗಿ ಗುರಿ ಅಭ್ಯಾಸ ಮಾಡುವ ಹುಡುಗರಿದ್ದಾರೆ, ಅಜ್ಜನ ಕಾಲದ ಟ್ರಂಕಿನಲ್ಲಿ ಹಸಿರು ಹಿಡಿದ ತೋಟಾಗಳೂ ಇವೆ. ತೋಟಾ ಎಲ್ಲಿದ್ದರೂ ಅದರ ಗುಣ ಒಂದೇ ಅಲ್ವಾ.

ತೋಟಾ ಅಂದರೆ ನಾಲ್ಕು ವಸ್ತು ಸೇರಿದ ಒಂದು ಗಂಟು. ಹಿತ್ತಾಳೆಯ ಕೊಳವೆ, ಒಳಗೆ ಮದ್ದು, ತಳದಲ್ಲಿ ಪುಟ್ಟ ಕೇಪು, ಮೂತಿಯಲ್ಲಿ ಗುಂಡು. ಕೇಪಿನ ಮೇಲೆ ಬಂದೂಕಿನ ಸೂಜಿ ಬಡಿದರೆ ಕಿಡಿ ಹುಟ್ಟುತ್ತದೆ, ಮದ್ದು ಉರಿಯುತ್ತದೆ, ಗುಂಡು ಹೊರಗೆ ಹಾರುತ್ತದೆ. ನಮ್ಮ ಕಡೆ ಹೆಚ್ಚಾಗಿ ಕಾಣುವ ಹನ್ನೆರಡು ಬೋರಿನ ತೋಟಾ ಬೇರೆ ಜಾತಿ. ಅದರ ಕೊಳವೆ ಪ್ಲಾಸ್ಟಿಕ್ಕಿನದು, ತಳ ಮಾತ್ರ ಲೋಹ, ಒಳಗೆ ಒಂದು ಗುಂಡಿನ ಬದಲು ಚರೆ, ಅಂದರೆ ಸಣ್ಣ ಸಣ್ಣ ಗುಂಡುಗಳು ತುಂಬಿರುತ್ತವೆ. ಅದನ್ನು ಹೊಡೆಯುವ ಬಂದೂಕಿನ ನಳಿಗೆ ಒಳಗೆ ನುಣುಪು. ರೈಫಲ್ಲಿನ ನಳಿಗೆಯಲ್ಲಿ ಸುರುಳಿ ಗೆರೆ ಕೊರೆದಿರುತ್ತಾರೆ, ಆ ಗೆರೆ ಹಿಡಿದು ಗುಂಡು ತಿರುಗುತ್ತಾ ಹೋಗುವುದರಿಂದ ದೂರಕ್ಕೂ ನೇರ ಹೋಗುತ್ತದೆ. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಬಹಳ ಬಳಸುವ ಥರ್ಟಿ ನಾಟ್ ಸಿಕ್ಸ್ ತೋಟಾ 1906ರಲ್ಲಿ ಅಲ್ಲಿನ ಸೈನ್ಯಕ್ಕೆ ಬಂದದ್ದು. ಒಂದೊಂದೂ ಸುಮಾರು 25ರಿಂದ 27 ಗ್ರಾಂ ತೂಗುತ್ತದೆ. ಹತ್ತು ಇಟ್ಟುಕೊಂಡರೆ ಕಾಲು ಕೆಜಿ. ಇಪ್ಪತ್ತರ ಡಬ್ಬಿ ಅರ್ಧ ಕೆಜಿ ದಾಟುತ್ತದೆ. ಬೆಟ್ಟ ಹತ್ತುವಾಗ ಈ ತೂಕ ಸೊಂಟಕ್ಕೆ ಗೊತ್ತಾಗದೆ ಇರುವುದಿಲ್ಲ.

ಈಗ ಎಷ್ಟು ಅನ್ನುವ ಪ್ರಶ್ನೆ, ಬೇಗ ಮುಗಿಸೋಣ. ಬೇಟೆಗೆ ಬಳಸುವ, ಕೈಯಲ್ಲಿ ಎಳೆದು ತಳ್ಳುವ ಬೋಲ್ಟ್ (ತೋಟಾದ ಹಿಂದೆ ಬಾಗಿಲಿನ ಹಾಗೆ ಮುಚ್ಚುವ ಲೋಹದ ತುಂಡು) ಇರುವ ರೈಫಲ್ಲುಗಳ ತೋಟಾ ತುಂಬಿಡುವ ಪೆಟ್ಟಿಗೆಯಲ್ಲಿ, ಅಂದರೆ ಮ್ಯಾಗಜೀನ್‌ನಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ತೋಟಾ ಹಿಡಿಸುತ್ತವೆ. ಜಿಂಕೆ ಬೇಟೆಗಾರ ಅದರ ಮೇಲೆ ಇನ್ನೈದೋ ಹತ್ತೋ ಇಟ್ಟುಕೊಂಡರೆ ಮುಗಿಯಿತು. ಮೊದಲನೇ ಗುಂಡು ತಪ್ಪಿದರೆ ಜಿಂಕೆ ನಿಂತು ಕಾಯುತ್ತದೆಯೇ? ಎರಡನೆಯದಕ್ಕೆ ಅವಕಾಶ ಸಿಕ್ಕರೆ ಅದೇ ಪುಣ್ಯ. ಹಾಗಾದರೆ ಹೆಚ್ಚುವರಿ ಯಾಕೆ ಬೇಕು? ಮುಖ್ಯ ಕಾರಣ ಗಾಯಗೊಂಡ ಪ್ರಾಣಿ. ಅದನ್ನು ಹಿಂಬಾಲಿಸಿ ನರಳಾಟ ಮುಗಿಸುವುದು ಗುಂಡು ಹೊಡೆದವನದೇ ಜವಾಬ್ದಾರಿ, ಅರ್ಧಕ್ಕೆ ಬಿಟ್ಟು ಬರುವವನನ್ನು ಯಾವ ದೇಶದ ಬೇಟೆಗಾರರೂ ಮರ್ಯಾದೆಯಿಂದ ನೋಡುವುದಿಲ್ಲ. ಇನ್ನೊಂದು ಕಾರಣ ಹೊರಗಿನವರಿಗೆ ಹೊಳೆಯುವುದಿಲ್ಲ. ಬಂಡೆ ಮೇಲೆ ಕಾಲು ಜಾರಿ ರೈಫಲ್ ಕೆಳಗೆ ಬಿದ್ದರೆ ಅದರ ದುರ್ಬೀನು ಒಂದು ಕೂದಲಷ್ಟು ಅಲುಗಿದರೂ ಗುರಿ ಎಲ್ಲೋ ಹೋಗುತ್ತದೆ. ಆಗ ಸುರಕ್ಷಿತವಾದ ಕಡೆ ಎರಡು ಮೂರು ಗುಂಡು ಹೊಡೆದು ಗುರಿ ಸರಿ ಮಾಡಿಕೊಳ್ಳಬೇಕಾಗುತ್ತದೆ. ಅದಕ್ಕೂ ತೋಟಾ ಬೇಕಲ್ಲ. ನಾಲ್ಕೈದು ದಿನ ಕಾಡಿನಲ್ಲೇ ಇರುವವರು ಉಳಿದ ಡಬ್ಬಿಯನ್ನು ಡೇರೆಯಲ್ಲಿಟ್ಟು, ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಮೈಮೇಲೆ ಇಟ್ಟುಕೊಂಡು ಹೋಗುತ್ತಾರೆ.

ಕೆಲವು ಕಡೆ ಕಾನೂನೇ ಬಂದೂಕಿನೊಳಗಿನ ಸಂಖ್ಯೆಗೆ ಕಡಿವಾಣ ಹಾಕಿದೆ. ಯುರೋಪಿನ ಬರ್ನ್ ಒಪ್ಪಂದ, ತಾನಾಗಿ ಮರುತುಂಬುವ ಬಂದೂಕಿನ ಮ್ಯಾಗಜೀನ್‌ನಲ್ಲಿ ಎರಡಕ್ಕಿಂತ ಜಾಸ್ತಿ ತೋಟಾ ಹಿಡಿಸುವಂತಿದ್ದರೆ ಅದನ್ನು ನಿಷಿದ್ಧ ಸಾಧನಗಳ ಪಟ್ಟಿಗೆ ಸೇರಿಸುತ್ತದೆ. ಅಮೆರಿಕದಲ್ಲಿ ವಲಸೆ ಹಕ್ಕಿಗಳನ್ನು ಹೊಡೆಯುವ ಬಂದೂಕಿನಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ಇರಬಾರದು ಅನ್ನುವ ನಿಯಮ 1935ರಿಂದ ಇದೆ. ಜೇಬಿನಲ್ಲಿ ಎಷ್ಟಾದರೂ ಇರಲಿ, ಬಂದೂಕಿನೊಳಗೆ ಮೂರೇ. ಆಫ್ರಿಕಾದ ಕಾಡೆಮ್ಮೆ, ಆನೆ ಬೇಟೆಯ ಕಥೆ ಬೇರೆ. ಅಲ್ಲಿ ಎರಡು ನಳಿಗೆಯ ದೊಡ್ಡ ರೈಫಲ್ ಹಿಡಿದವನು ಪೊದೆಯೊಳಗೆ ನುಗ್ಗುವಾಗ ಇನ್ನೆರಡು ತೋಟಾಗಳನ್ನು ಎಡಗೈ ಬೆರಳುಗಳ ಸಂದಿಯಲ್ಲೇ ಸಿಕ್ಕಿಸಿಕೊಂಡಿರುತ್ತಾನೆ. ಸೊಂಟಕ್ಕೆ ಕೈ ಹಾಕುವಷ್ಟು ಹೊತ್ತೂ ಅವನಿಗೆ ಸಿಗದೇ ಹೋಗಬಹುದು.

ಇನ್ನು ಎಲ್ಲಿ ಇಡುವುದು. ನಿಜವಾದ ತಲೆನೋವು ಇಲ್ಲಿದೆ. ಸುಲಭವಾಗಿ ಹೊಳೆಯುವುದು ಪ್ಯಾಂಟಿನ ಜೇಬು, ಅದೇ ಎಲ್ಲಕ್ಕಿಂತ ಕೆಟ್ಟ ಜಾಗ. ಜೇಬಿನಲ್ಲಿ ತೋಟಾಗಳು ಒಂದಕ್ಕೊಂದು ಬಡಿದು ಟಣ್ ಟಣ್ ಅನ್ನುತ್ತವೆ. ಲೋಹಕ್ಕೆ ಲೋಹ ತಾಕುವ ಸದ್ದು ಕಾಡಿನಲ್ಲಿ ಇರುವುದೇ ಇಲ್ಲ, ಹಾಗಾಗಿ ಪ್ರಾಣಿಗೆ ಅದು ತಕ್ಷಣ ತಿಳಿಯುತ್ತದೆ. ಅದೇ ಜೇಬಿನಲ್ಲಿ ಚಿಲ್ಲರೆ ಕಾಸು, ಬೀಗದ ಕೈ, ಎಲೆ ಅಡಿಕೆ ಸುಣ್ಣದ ಡಬ್ಬಿ ಎಲ್ಲ ಇರುತ್ತವೆ. ತಳದಲ್ಲಿ ಮಣ್ಣು, ಬಟ್ಟೆಯ ಜುಂಗು. ಆ ಮಣ್ಣಿನ ಸಮೇತ ತೋಟಾ ಚೇಂಬರಿಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ಅದು ಕೂರುವ ಜಾಗಕ್ಕೆ, ಹೋದರೆ ಬೋಲ್ಟ್ ಪೂರ್ತಿ ಮುಚ್ಚದೆ ಇರಬಹುದು, ಹೊಡೆದ ಮೇಲೆ ಖಾಲಿ ಕೊಳವೆ ಹೊರಗೆ ಬರದೆ ಕಚ್ಚಿಕೊಳ್ಳಬಹುದು. ಬೇಟೆಗೆ ಬಳಸುವ ಎಷ್ಟೋ ಗುಂಡುಗಳ ತುದಿಯಲ್ಲಿ ಮೆತ್ತನೆಯ ಸೀಸ ಹೊರಗೆ ಕಾಣುತ್ತಿರುತ್ತದೆ, ಅದು ಉಜ್ಜಿಕೊಂಡು ಮೊಂಡಾಗುತ್ತದೆ. ಕೂತಾಗ ಜೇಬು ಬಿಗಿಯಾಗಿ ಕೈ ಒಳಗೇ ಹೋಗುವುದಿಲ್ಲ. ಬಗ್ಗಿದಾಗ ಒಂದೆರಡು ಹುಲ್ಲಿಗೆ ಬಿದ್ದರೂ ಗೊತ್ತಾಗುವುದಿಲ್ಲ.

ಜೇಬಿನಲ್ಲಿದ್ದ ತೋಟಾ ತಾನಾಗಿ ಸಿಡಿಯುತ್ತಾ ಅಂತ ಕೇಳುವವರಿದ್ದಾರೆ. ರೈಫಲ್ಲಿನ ಕೇಪು ತೋಟಾದ ತಳದ ನಡುವೆ ಸ್ವಲ್ಪ ಒಳಗೆ ಕೂತಿರುತ್ತದೆ, ಅದಕ್ಕೆ ನೇರವಾಗಿ ಚೂಪಾದ ಏಟು ಬೀಳಬೇಕು. ನಡಿಗೆಯ ಅಲುಗಾಟಕ್ಕೆ ಹಾಗೆ ಆಗುವುದಿಲ್ಲ. ಆದರೆ ಅಪಾಯ ಕಲ್ಪನೆಯದ್ದೇನೂ ಅಲ್ಲ. ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ತೋಟಾ ತುಂಬುವ ರೈಫಲ್ಲುಗಳಿವೆ. ಅವುಗಳಿಗೆ ಮೂತಿ ಚಪ್ಪಟೆಯಾದ ಗುಂಡನ್ನೇ ಬಳಸಬೇಕು ಅನ್ನುವುದು ಹಳೇ ನಿಯಮ. ಚೂಪು ಗುಂಡಾದರೆ ಅದರ ತುದಿ ಮುಂದಿನ ತೋಟಾದ ಕೇಪಿಗೆ ತಾಕಿಕೊಂಡಿರುತ್ತದೆ, ಬಂದೂಕು ಒದ್ದಾಗ ಆ ಏಟಿಗೆ ಕೊಳವೆಯೊಳಗೇ ಸಿಡಿಯಬಹುದು.

ಅದಕ್ಕೇ ಪ್ರತಿ ತೋಟಾಕ್ಕೂ ಒಂದೊಂದು ಗೂಡು ಇರುವ ವ್ಯವಸ್ಥೆಗಳು ಬಂದವು. ಹಳೆಯದು ಸೊಂಟದ ಬೆಲ್ಟಿಗೆ ಹೊಲಿದ ಚರ್ಮದ ಕುಣಿಕೆಗಳು. ತೋಟಾದ ತಳ ಮೇಲಕ್ಕೆ, ಮೂತಿ ಕೆಳಕ್ಕೆ ಸಿಕ್ಕಿಸಿದರೆ ಹೆಬ್ಬೆರಳು ತೋರುಬೆರಳಿನಲ್ಲಿ ಎಳೆದು ಹಾಗೇ ಚೇಂಬರಿಗೆ ತಿರುಗಿಸಬಹುದು. ಕಣ್ಣು ಪ್ರಾಣಿಯ ಮೇಲಿರುವಾಗ ಕೈ ತಾನೇ ಕೆಲಸ ಮಾಡಬೇಕಲ್ಲ. ಎಲ್ಲ ತೋಟಾಗಳೂ ಒಂದೇ ದಿಕ್ಕಿಗೆ ಇರಬೇಕು ಅಂತ ಹಟ ಹಿಡಿಯುವುದು ಅದಕ್ಕೇ. ಚರ್ಮದಲ್ಲಿ ಒಂದು ತೊಂದರೆ ಇದೆ. ಹದ ಮಾಡಲು ಬಳಸಿದ ಆಮ್ಲ ಹಿತ್ತಾಳೆಯ ಜೊತೆ ಸೇರಿ ಹಸಿರು ಕಿಲುಬು ಹಿಡಿಯುತ್ತದೆ. ಒಂದು ದಿನ ಹಾಕಿಕೊಂಡರೆ ಏನೂ ಆಗುವುದಿಲ್ಲ. ಮನೆಗೆ ಬಂದು ಬೆಲ್ಟನ್ನು ತೋಟಾ ಸಮೇತ ಗೋಡೆಯ ಗೂಟಕ್ಕೆ ನೇತುಹಾಕಿ ಮುಂದಿನ ವರ್ಷ ತೆಗೆದರೆ ಮಾತ್ರ ಕೆಟ್ಟಿತು. ಕಿಲುಬು ಹಿಡಿದ ತೋಟಾ ಚೇಂಬರಿನಲ್ಲಿ ಸಿಕ್ಕಿಕೊಳ್ಳುತ್ತದೆ. ನೋಡಲು ಚೆಂದ ಅಂತ ಬೆಲ್ಟನ್ನೇ ಉಗ್ರಾಣ ಮಾಡಿಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ.

ಆಮೇಲೆ ಬಂದದ್ದು ಬಂದೂಕಿನ ಹಿಂಭಾಗಕ್ಕೆ, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಮರದ ಭಾಗಕ್ಕೆ, ತೊಡಿಸುವ ಎಲಾಸ್ಟಿಕ್ ತೋಳು. ಇದರ ದೊಡ್ಡ ಲಾಭ ಅಂದರೆ ಬಂದೂಕು ಎತ್ತಿಕೊಂಡರೆ ತೋಟಾವೂ ಜೊತೆಗೇ ಬರುತ್ತದೆ, ಮರೆಯುವ ಪ್ರಶ್ನೆಯೇ ಇಲ್ಲ. ನಷ್ಟವೂ ಅಲ್ಲೇ ಇದೆ. ಗುರಿ ಇಡುವಾಗ ಕೆನ್ನೆಗೆ ಒತ್ತುತ್ತದೆ. ಹಳತಾದರೆ ಎಲಾಸ್ಟಿಕ್ ಸಡಿಲವಾಗಿ ಜಾಲಿ ಪೊದೆಯಲ್ಲಿ ನುಸುಳುವಾಗ ತೋಟಾಗಳು ಸದ್ದಿಲ್ಲದೆ ಜಾರಿ ಬೀಳುತ್ತವೆ. ಬಂದೂಕನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಅದರ ಜೊತೆ ತೋಟಾಗಳನ್ನೂ ಕೊಟ್ಟ ಹಾಗಾಯಿತು. ನನಗೆ ಕೇಳಿದರೆ ಇವೆಲ್ಲಕ್ಕಿಂತ ಒಳ್ಳೆಯದು ಪುಸ್ತಕದ ಹಾಗೆ ಮಡಚುವ ಬಟ್ಟೆಯ ಚಿಕ್ಕ ಚೀಲ. ಒಳಗೆ ಹತ್ತು ಗೂಡು ಹೊಲಿದಿರುತ್ತಾರೆ. ಸದ್ದಿಲ್ಲ, ಧೂಳು ಹೋಗುವುದಿಲ್ಲ, ಬಿಡಿಸಿ ನೋಡಿದರೆ ಖಾಲಿ ಗೂಡು ಎದ್ದು ಕಾಣುತ್ತದೆ. ಆ ಕೊನೆಯ ಗುಣಕ್ಕೇ ನಾನು ಜಾಸ್ತಿ ಬೆಲೆ ಕೊಡುತ್ತೇನೆ, ಕಾರಣ ಮುಂದೆ ಬರುತ್ತದೆ. ಮುಚ್ಚಳಕ್ಕೆ ವೆಲ್ಕ್ರೋ ಇರುವುದನ್ನು ಮಾತ್ರ ತೆಗೆದುಕೊಳ್ಳಬಾರದು. ಬಿಚ್ಚುವಾಗ ಪರ್ರ್ ಅಂತ ಬರುವ ಸದ್ದಿಗೆ ಇಡೀ ಕಣಿವೆ ಎದ್ದು ಕೂರುತ್ತದೆ.

ಕಳಚುವ ಮ್ಯಾಗಜೀನ್ ಇರುವ ರೈಫಲ್ಲಿಗೆ ತುಂಬಿದ ಇನ್ನೊಂದು ಮ್ಯಾಗಜೀನ್ ಇಟ್ಟುಕೊಂಡರೆ ಬದಲಾಯಿಸುವುದು ಕ್ಷಣದ ಕೆಲಸ. ಅದು ಕಾಡಿನಲ್ಲಿ ಬಿದ್ದುಹೋದರೆ ದುಬಾರಿ. ಬಾಯಿಯ ಅಂಚು ಒಂಚೂರು ಬಗ್ಗಿದರೂ ತೋಟಾ ಸರಿಯಾಗಿ ಮೇಲೆ ಬರುವುದಿಲ್ಲ. ನಮ್ಮ ದೇಶದಲ್ಲಿ ಲೈಸೆನ್ಸಿಗೆ ಸಿಗುವ ಇಷಾಪುರ ಕಾರ್ಖಾನೆಯ .315 (ಗುಂಡಿನ ದಪ್ಪ ಇಂಚಿನಲ್ಲಿ) ರೈಫಲ್ ಹಳೇ ಬ್ರಿಟಿಷ್ ಸೈನ್ಯದ ಲೀ ಎನ್‌ಫೀಲ್ಡ್ ಮಾದರಿಯದು, ಅದರ ಮ್ಯಾಗಜೀನ್‌ನಲ್ಲಿ ಐದು ತೋಟಾ.

ಈಗ ಬೆರಕೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಕೈಬೆರಳು, ಕಣ್ಣು ಕಳೆದುಕೊಳ್ಳುವುದು ಇಲ್ಲೇ. ಹನ್ನೆರಡು ಬೋರು ಅಂದರೆ ಏನು? ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದೂ ಎಷ್ಟು ದಪ್ಪ ಬರುತ್ತದೋ ಅಷ್ಟು ಅಗಲದ ನಳಿಗೆ, ಸುಮಾರು 18.5 ಮಿಲಿಮೀಟರ್. ಇಪ್ಪತ್ತು ಬೋರಿಗೆ ಇಪ್ಪತ್ತು ಭಾಗ, ಹಾಗಾಗಿ ಅದು ಇನ್ನೂ ಸಣ್ಣದು. ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಕಿರಿದು. ಒಬ್ಬನ ಜೇಬಿನಲ್ಲಿ ಎರಡೂ ಇವೆ ಅಂದುಕೊಳ್ಳಿ. ಕತ್ತಲಲ್ಲಿ ಹನ್ನೆರಡರ ಬಂದೂಕಿಗೆ ಇಪ್ಪತ್ತರ ತೋಟಾ ಹಾಕುತ್ತಾನೆ. ಅದು ಚೇಂಬರಿನಲ್ಲಿ ನಿಲ್ಲುವುದಿಲ್ಲ, ಮುಂದಕ್ಕೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಬರೀ ಕ್ಲಿಕ್. ತೆಗೆದು ನೋಡಿದರೆ ಚೇಂಬರ್ ಖಾಲಿ. ಓಹೋ, ತೋಟಾ ಹಾಕಿಯೇ ಇರಲಿಲ್ಲವೇನೋ ಅಂದುಕೊಂಡು ಈ ಸಲ ಸರಿಯಾದ ಹನ್ನೆರಡರ ತೋಟಾ ಹಾಕಿ ಎಳೆಯುತ್ತಾನೆ. ಮುಂದೆ ದಾರಿ ಮುಚ್ಚಿದೆ. ನಳಿಗೆ ಎಡಗೈ ಹಿಡಿದ ಜಾಗದಲ್ಲೇ ಸೀಳುತ್ತದೆ. ಇಂಥ ಅನಾಹುತ ಎಷ್ಟೋ ಆದ ಮೇಲೆ ಹೊರದೇಶದ ಕಂಪನಿಗಳು ಇಪ್ಪತ್ತು ಬೋರಿನ ತೋಟಾಕ್ಕೆ ಹಳದಿ ಬಣ್ಣವನ್ನೇ ಮೀಸಲಿಟ್ಟವು. ಆದರೆ ಬಣ್ಣ ಹಗಲಿಗೆ ಮಾತ್ರ. ರಾತ್ರಿ ಹೊಲದಲ್ಲಿ ಬೆರಳಿಗೆ ಹಳದಿ ಕೆಂಪು ಗೊತ್ತಾಗುತ್ತದೆಯೇ?

ರೈಫಲ್ಲಿನಲ್ಲೂ ಇದೇ ಕಥೆ, ರೂಪ ಬೇರೆ. .308 ಮತ್ತು ಥರ್ಟಿ ನಾಟ್ ಸಿಕ್ಸ್ ಎರಡರ ಗುಂಡೂ ಒಂದೇ ದಪ್ಪ, ತಳವೂ ಒಂದೇ ಅಳತೆ. ಕೊಳವೆ ಮಾತ್ರ .308ರದು 51 ಮಿಲಿಮೀಟರ್ ಉದ್ದ, ಥರ್ಟಿ ನಾಟ್ ಸಿಕ್ಸಿನದು 63. ಚಿಕ್ಕದನ್ನು ದೊಡ್ಡದರ ಚೇಂಬರಿನಲ್ಲಿ ಹೊಡೆದರೆ ಹಿತ್ತಾಳೆಗೆ ಆಸರೆ ಸಿಗದೆ ಹಿಗ್ಗಿ ಸೀಳಬಹುದು. ಇನ್ನೂ ಕೆಟ್ಟದ್ದು .300 ಬ್ಲ್ಯಾಕೌಟ್ ತೋಟಾವನ್ನು .223 ರೈಫಲ್ಲಿಗೆ ಹಾಕುವುದು. ನಳಿಗೆ 5.6 ಮಿಲಿಮೀಟರ್, ಗುಂಡು 7.8. ಅದು ಹೋಗುವುದಾದರೂ ಎಲ್ಲಿಗೆ? ರೈಫಲ್ಲೇ ಛಿದ್ರವಾಗುತ್ತದೆ. ಹಾಗಾಗಿ ಒಂದು ಬಂದೂಕಿನ ಜೊತೆ ಹೊರಟಾಗ ಮೈಮೇಲೆ ಅದೊಂದರ ತೋಟಾ ಮಾತ್ರ ಇರಬೇಕು. ಒಂದೇ ಅಳತೆಯದಾದರೂ ಗುಂಡಿನ ತೂಕ ಬೇರೆಯಾದರೆ ಬೀಳುವ ಜಾಗವೂ ಬದಲಾಗುತ್ತದೆ. ಯಾವ ತೋಟಾದಲ್ಲಿ ದುರ್ಬೀನಿನ ಗುರಿ ಕೂರಿಸಿದ್ದಾರೋ ಹೆಚ್ಚುವರಿಯೂ ಅದೇ ಡಬ್ಬಿಯದಾಗಿದ್ದರೆ ತಲೆಬಿಸಿ ಇಲ್ಲ.

ಸಿಡಿಯದೆ ಉಳಿದ ತೋಟಾ ಎಲ್ಲಿಗೆ ಹೋಗಬೇಕು? ಟ್ರಿಗರ್ ಎಳೆದಾಗ ಕ್ಲಿಕ್ ಅಂದು ಸುಮ್ಮನಾದರೆ ತಕ್ಷಣ ತೆರೆಯಬಾರದು. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಮದ್ದು ಒಳಗೆ ಮೆಲ್ಲಗೆ ಹೊತ್ತಿಕೊಳ್ಳುತ್ತಿರಬಹುದು. ಆಮೇಲೆ ತೆಗೆದದ್ದನ್ನು ಒಳ್ಳೆಯವುಗಳ ಜೊತೆ ವಾಪಸ್ ಇಡಬಾರದು. ಖಾಲಿ ಕೊಳವೆಗೂ ಬೇರೆಯೇ ಜೇಬು. ಇಲ್ಲದಿದ್ದರೆ ಅವಸರದಲ್ಲಿ ಕೈಗೆ ಬರುವುದು ಅದೇ.

ಬಿಸಿಲು ನಮ್ಮ ಕಡೆಯ ವಿಶೇಷ ಸಮಸ್ಯೆ. ಪಾವಗಡದ ಏಪ್ರಿಲ್ ಬಿಸಿಲಿಗೆ ಗಾಜು ಮುಚ್ಚಿ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡು ಮುಟ್ಟಲಾಗದಷ್ಟು ಕಾಯುತ್ತದೆ. ಅಲ್ಲಿಟ್ಟ ತೋಟಾ ಅಷ್ಟಕ್ಕೇ ಸಿಡಿಯುವುದಿಲ್ಲ, ಆ ಭಯ ಬೇಡ. ಆದರೆ ಬಿಸಿಯಾದ ಮದ್ದು ಜೋರಾಗಿ ಉರಿದು ಒತ್ತಡ ಏರುತ್ತದೆ. ತಿಂಗಳುಗಟ್ಟಲೆ ಕಾಯುತ್ತಲೇ ಇದ್ದರೆ ಮದ್ದಿನ ಗುಣವೇ ಕೆಡುತ್ತದೆ. ಮಳೆಗಾಲದಲ್ಲಿ ಇದಕ್ಕೆ ಉಲ್ಟಾ. ರಟ್ಟಿನ ಡಬ್ಬಿ ತೇವ ಹೀರಿಕೊಂಡು ಹಿತ್ತಾಳೆಗೆ ಕಲೆ ತರುತ್ತದೆ. ಹಿಂದಿನ ಕಾಲದ ಕಾಗದದ ಹನ್ನೆರಡು ಬೋರಿನ ತೋಟಾ ಮಳೆಯಲ್ಲಿ ಉಬ್ಬಿ ನಳಿಗೆಯೊಳಗೇ ಹೋಗುತ್ತಿರಲಿಲ್ಲ, ಪ್ಲಾಸ್ಟಿಕ್ ಬಂದ ಮೇಲೆ ಆ ಕಾಟ ತಪ್ಪಿತು. ಹೊಳಪು ಬರಲಿ ಅಂತ ತೋಟಾಕ್ಕೆ ಎಣ್ಣೆ ಹಚ್ಚುವವರಿದ್ದಾರೆ, ದಯವಿಟ್ಟು ಬೇಡ. ತೆಳು ಎಣ್ಣೆ ಸಂದಿಯಲ್ಲಿ ಇಳಿದು ಕೇಪನ್ನು ಸಾಯಿಸಬಹುದು, ಮೇಲಾಗಿ ಎಣ್ಣೆ ಹಚ್ಚಿದ ತೋಟಾ ಹೊಡೆದಾಗ ಬೋಲ್ಟಿನ ಮೇಲೆ ಹೆಚ್ಚು ಒತ್ತುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನೂ ಮೂತಿಯಿಂದ ಮದ್ದು ತುಂಬುವ ಒಂಟಿ ನಳಿಗೆ ಬಂದೂಕು ಇಟ್ಟುಕೊಂಡವರಿಗೆ ತೋಟಾ ಅನ್ನುವುದೇ ಇಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ ಅಂತ ಬರೆದಿರುವುದು ಅದನ್ನೇ. ಅವರ ಹೆಚ್ಚುವರಿ ಅಂದರೆ ಮದ್ದು, ಚರೆ, ಕೇಪು, ಮೂರೂ ಬಿಡಿಬಿಡಿ. ಕೇಪು ಒಂದು ಸಣ್ಣ ಏಟಿಗೇ ಸಿಡಿಯುವ ವಸ್ತು, ಮದ್ದಿಗೆ ಒಂದು ಕಿಡಿ ಸಾಕು. ಎರಡನ್ನೂ ಒಂದೇ ಚೀಲದಲ್ಲಿ ಇಡಬಾರದು ಅನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಹತ್ತಿರ ಬೀಡಿ ಹಚ್ಚಬಾರದು ಅಂತ ಬಿಡಿಸಿ ಹೇಳಬೇಕಾಗಿ ಬರುತ್ತದೆ ಅನ್ನುವುದೇ ಬೇಜಾರು.

ಈಗ ನಮ್ಮ ಹೊಲಕ್ಕೆ ಬರೋಣ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆ ಅಂತ ಹೆಸರಿಸುವುದು ಮೂತಿಯಿಂದ ತುಂಬುವ ಬಂದೂಕನ್ನು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕು ಕೊಡಬಹುದು. ಇದರಲ್ಲಿ ರೈಫಲ್ ಬರುವುದಿಲ್ಲ. ಇನ್ನೊಂದು ತಪ್ಪು ತಿಳಿವಳಿಕೆ ಊರೂರಲ್ಲಿದೆ. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಡಲೆಕಾಯಿ ಹೊಲಕ್ಕೆ ಬಂದ ಹಂದಿ ಹೊಡೆಯಬಹುದು ಅಂತ ಅಲ್ಲ. ಬಂದೂಕು ಇಟ್ಟುಕೊಳ್ಳಲು ಒಂದು ಕಾನೂನು, ಪ್ರಾಣಿ ಕೊಲ್ಲಲು ಇನ್ನೊಂದು. ವನ್ಯಜೀವಿ ಕಾಯ್ದೆಯ 11ನೇ ಕಲಮಿನಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಆದೇಶ ಕೊಡಬೇಕು. ಕೇರಳದಲ್ಲಿ 2022ರಲ್ಲಿ ಪಂಚಾಯ್ತಿ ಅಧ್ಯಕ್ಷರಿಗೇ ಕಾಡುಹಂದಿ ವಿಷಯದಲ್ಲಿ ಈ ಅಧಿಕಾರ ಕೊಟ್ಟರು. ಬಿಹಾರದಲ್ಲಿ ಸ್ವಲ್ಪ ಕಾಲ ಕೇಂದ್ರ ಸರ್ಕಾರವೇ ನೀಲ್‌ಗಾಯ್, ಹಂದಿಯನ್ನು ಉಪದ್ರವಿ ಅಂತ ಘೋಷಿಸಿತ್ತು. ಹಾಗೇ ಕೊಡಗಿನವರನ್ನು ನೋಡಿ ನಾವೂ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು ಅಂದುಕೊಳ್ಳಬೇಡಿ, ಕೊಡವರಿಗೆ ಮತ್ತು ಜಮ್ಮಾ ಅನ್ನುವ ಪಾರಂಪರಿಕ ಭೂ ಹಿಡುವಳಿ ಇರುವವರಿಗೆ ಇರುವುದು ವಿಶೇಷ ವಿನಾಯಿತಿ. ಪ್ರಾಣ ಉಳಿಸಿಕೊಳ್ಳಲು ಪ್ರಾಮಾಣಿಕವಾಗಿ ಹೊಡೆದರೆ ಅಪರಾಧವಲ್ಲ ಅಂತಲೂ ವನ್ಯಜೀವಿ ಕಾಯ್ದೆಯ ಅದೇ 11ನೇ ಕಲಮು ಹೇಳುತ್ತದೆ. ಬೆಳೆಗೆ ಆ ಮಾತು ಅನ್ವಯಿಸುವುದಿಲ್ಲ. 2019ರ ಕೊನೆ, 2020ರ ಶುರುವಿನಲ್ಲಿ ಗುಬ್ಬಿ, ಕುಣಿಗಲ್ ಕಡೆ ಚಿರತೆ ದಾಳಿಗೆ ಜನ ಸತ್ತಾಗ ಊರವರ ಸಿಟ್ಟು ಹೇಗಿತ್ತು ಅಂತ ನಮಗೆಲ್ಲ ಗೊತ್ತು. ಆಗಲೂ ಬಂದೂಕು ಇದ್ದವರೆಲ್ಲ ಹೊರಡುವ ಹಾಗಿರಲಿಲ್ಲ.

ವನ್ಯಜೀವಿ ಕಾಯ್ದೆಯಲ್ಲಿ ಆಯುಧ ಅನ್ನುವುದರ ವ್ಯಾಖ್ಯೆಯಲ್ಲಿ ಮದ್ದುಗುಂಡೂ ಸೇರಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯಬಾರದು ಅಂತ ಅದೇ ಕಾಯ್ದೆಯ 31ನೇ ಕಲಮು. ಎರಡನ್ನೂ ಜೋಡಿಸಿ ನೋಡಿ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣವನ್ನು 2019ರಲ್ಲಿ ಚಿಂಕಾರ ಅಭಯಾರಣ್ಯ ಅಂತ ಘೋಷಿಸಿದರು. ಬಂದೂಕು ಮನೆಯಲ್ಲೇ ಬಿಟ್ಟು, ಕೋಟಿನ ಜೇಬಿನಲ್ಲಿ ಎರಡು ತೋಟಾ ಮರೆತು, ಕಳೆದುಹೋದ ಮೇಕೆ ಹುಡುಕಲು ಆ ಕಾಡಿಗೆ ಹೋದರೂ ಅರಣ್ಯದವರ ಕೈಗೆ ಸಿಕ್ಕರೆ ಉತ್ತರ ಹೇಳುವುದು ಕಷ್ಟ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿರುವ ಲೈಸೆನ್ಸುದಾರರು ಹೆಸರು ನೋಂದಾಯಿಸಿಕೊಳ್ಳಬೇಕು. ಆ ಸುತ್ತಳತೆಯಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕು.

ಎಣಿಕೆಯ ಮಾತು ಹೇಳುತ್ತೇನೆ ಅಂದಿದ್ದೆನಲ್ಲ. ನಿಮ್ಮ ಲೈಸೆನ್ಸಿನಲ್ಲಿ ತೋಟಾಕ್ಕೆ ಎರಡು ಸಂಖ್ಯೆ ಇರುತ್ತವೆ. ವರ್ಷಕ್ಕೆ ಎಷ್ಟು ಕೊಳ್ಳಬಹುದು ಅನ್ನುವುದು ಒಂದು, ಒಂದೇ ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದು ಇನ್ನೊಂದು. ಅಂಗಡಿಯವರು ಕೊಟ್ಟದ್ದನ್ನು ಬರೆದು ಸಹಿ ಹಾಕುತ್ತಾರೆ. ಖರ್ಚಾದದ್ದರ ಲೆಕ್ಕ ನೀವೇ ಇಡಬೇಕು. ಪಕ್ಕದ ಹೊಲದ ಅಣ್ಣ 'ಎರಡು ತೋಟಾ ಇದ್ರೆ ಕೊಡೋ, ನಾಳೆ ವಾಪಸ್ ಕೊಡ್ತೀನಿ' ಅಂದರೆ ಕೊಡುವ ಹಾಗಿಲ್ಲ, ಅದು ಕೈಸಾಲದ ವಸ್ತು ಅಲ್ಲ. ಲೈಸೆನ್ಸ್ ಇಲ್ಲದವನ ಹತ್ತಿರ ಮದ್ದುಗುಂಡು ಸಿಕ್ಕರೆ 2019ರ ತಿದ್ದುಪಡಿಯ ನಂತರ ಎರಡರಿಂದ ಐದು ವರ್ಷ ಜೈಲು. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸಲು ಹೇಳುತ್ತಾರೆ. ಹಂದಿಗೇನು ನೀತಿಸಂಹಿತೆ ಗೊತ್ತಾ ಅನ್ನುವ ರೈತರ ಗೊಣಗಾಟ ಸುಳ್ಳಲ್ಲ. ಆದರೂ ಒಪ್ಪಿಸುವಾಗ ತೋಟಾಗಳ ಸಂಖ್ಯೆಯನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ.

ಮರೆತ ಒಂದು ತೋಟಾ ಏನು ಮಾಡುತ್ತದೆ ಅಂತ ನೋಡಬೇಕಾದರೆ ಚಿಕ್ಕಬಳ್ಳಾಪುರದಿಂದ ಸ್ವಲ್ಪ ಈಚೆ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೋಗಬೇಕು. ಪ್ರಯಾಣಿಕರ ಬ್ಯಾಗಿನಲ್ಲಿ ಸಜೀವ ಗುಂಡು ಪತ್ತೆ ಅನ್ನುವ ಸುದ್ದಿ ದೇಶದ ವಿಮಾನ ನಿಲ್ದಾಣಗಳಿಂದ ಆಗಾಗ ಬರುತ್ತಲೇ ಇರುತ್ತದೆ. ಎಷ್ಟೋ ಸಲ ಆ ಮನುಷ್ಯ ಭಯೋತ್ಪಾದಕನೂ ಅಲ್ಲ, ಬೇಟೆಗಾರನೂ ಅಲ್ಲ. ಅಪ್ಪನ ಚೀಲ ಎತ್ತಿಕೊಂಡು ಬಂದಿರುತ್ತಾನೆ, ಅದರ ಮೂಲೆಯ ಜಿಪ್ಪಿನಲ್ಲಿ ಒಂದು ತೋಟಾ ಇರುತ್ತದೆ. ಎಕ್ಸ್‌ರೇ ಯಂತ್ರಕ್ಕೆ ಅಪ್ಪನದು ಮಗನದು ಅಂತ ಭೇದ ಇಲ್ಲ. ವಿಮಾನ ತಪ್ಪುತ್ತದೆ, ಪೊಲೀಸರು ಬರುತ್ತಾರೆ, ಕೇಸು ದಾಖಲಾಗುತ್ತದೆ. ತನ್ನ ಹತ್ತಿರ ಇದೆ ಅನ್ನುವ ಅರಿವಿದ್ದು ಇಟ್ಟುಕೊಂಡಿದ್ದರೆ ಮಾತ್ರ ಅದು ಅಪರಾಧದ ಸ್ವಾಧೀನ ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಆ ಆಧಾರದ ಮೇಲೆ ಹೈಕೋರ್ಟುಗಳು ಇಂಥ ಕೇಸುಗಳನ್ನು ರದ್ದು ಮಾಡಿದ್ದೂ ಇದೆ. ಆದರೆ ಅಲ್ಲಿಯವರೆಗೆ ವಕೀಲರು, ಕೋರ್ಟು, ಅಲೆದಾಟ ಎಲ್ಲ ಇದ್ದದ್ದೇ. ಸ್ಪರ್ಧೆಗೆ ಹೋಗುವ ಶೂಟರುಗಳು ಕಾಗದಪತ್ರ ತೋರಿಸಿ, ಮೊದಲೇ ತಿಳಿಸಿ, 5 ಕೆಜಿ ಮಿತಿಯೊಳಗೆ, ವಿಮಾನದ ಹೊಟ್ಟೆಗೆ ಹಾಕುವ ಸಾಮಾನಿನಲ್ಲಿ ಮಾತ್ರ ಒಯ್ಯುತ್ತಾರೆ.

ಗೂಡುಗಳಿರುವ ಚೀಲ ಒಳ್ಳೆಯದು ಅಂದದ್ದು ಇದಕ್ಕೇ. ಹತ್ತು ಗೂಡು, ಹೊರಡುವಾಗ ಹತ್ತು ತೋಟಾ. ವಾಪಸ್ ಬಂದಾಗ ತುಂಬಿದ ಗೂಡು, ಖಾಲಿ ಕೊಳವೆ, ಸಿಡಿಯದ್ದು, ಮೂರೂ ಕೂಡಿದರೆ ಹತ್ತಾಗಬೇಕು. ಆಗದಿದ್ದರೆ ಊಟಕ್ಕೆ ಕೂರುವ ಮುಂಚೆ ಜೇಬು, ಜೀಪಿನ ಸೀಟಿನ ಸಂದಿ, ಅಟ್ಟಣೆಯ ಕೆಳಗೆ ಹುಡುಕಬೇಕು, ಮಕ್ಕಳ ಕೈಗೆ ಸಿಗುವ ಮುಂಚೆ. ಬಂದೂಕಿನ ಜೊತೆ ಒಯ್ಯುವ ಚೀಲ, ಕೋಟು ಆ ಒಂದು ಕೆಲಸಕ್ಕೆ ಮಾತ್ರ. ಅದೇ ಚೀಲದಲ್ಲಿ ಬೆಂಗಳೂರಿಗೆ ಹೋಗುವ ಬಟ್ಟೆ ತುಂಬಬೇಡಿ.

ತೀರಿಹೋದ ಅಜ್ಜನ ಟ್ರಂಕಿನಲ್ಲಿ ತೋಟಾ ಸಿಕ್ಕರೆ ಅದನ್ನು ಕೆರೆಗೆ ಎಸೆಯುವುದು, ಒಲೆಗೆ ಹಾಕುವುದು, ಸುತ್ತಿಗೆಯಲ್ಲಿ ಬಿಚ್ಚಿ ನೋಡುವುದು ಯಾವುದೂ ಬೇಡ. ಇಟ್ಟುಕೊಳ್ಳುವ ಹಕ್ಕು ಮುಗಿದ ಆಯುಧ, ಮದ್ದುಗುಂಡನ್ನು ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕು ಅಂತ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮು ಹೇಳುತ್ತದೆ. ಮೊದಲು ಠಾಣೆಗೆ ಫೋನ್ ಮಾಡಿ, ಏನು ಸಿಕ್ಕಿದೆ, ಎಷ್ಟಿದೆ, ಯಾರದು ಅಂತ ತಿಳಿಸಿ. ಆಮೇಲೆ ಅಜ್ಜನ ಹಳೇ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ, ಒಂದು ಅರ್ಜಿ ತೆಗೆದುಕೊಂಡು ಹೋಗಿ ಒಪ್ಪಿಸಿ, ಸಂಖ್ಯೆ ಬರೆದ ಸ್ವೀಕೃತಿ ಪಡೆದುಕೊಳ್ಳಿ.